ತೋಟಗಾರ ಜೋಸೆಫ್ ಮೋನ್ಯೇ

ಹೊಸ ಮನೆಗೆ ತಾರಸಿ ಹಾಕುವ ದಿನದ ಸಡಗರವನ್ನು ನೀವು ನೋಡಿರಬಹುದು. ಮರದ ಹಲಗೆಗಳನ್ನು ಹಾಸಿ, ಅವುಗಳ ಮೇಲೆ ಕಬ್ಬಿಣದ ಸರಳುಗಳನ್ನು ಅಡ್ಡಲಾಗಿಯೂ ಉದ್ದವಾಗಿಯೂ ಹೆಣೆದು ಕಟ್ಟಿರುತ್ತಾರೆ. ಸಿಮೆಂಟು, ಮರಳು, ಜಲ್ಲಿ, ನೀರುಗಳನ್ನು ಕಲಸಿದ ಕಾಂಕ್ರೀಟು ಬಾಂಡಲಿಗಳಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ಸಂಜೆಯಾಗುವಷ್ಟರಲ್ಲಿ ಸರಳುಗಳೆಲ್ಲ ಮುಚ್ಚಿಹೋಗುತ್ತವೆ. ಅಷ್ಟು ಬೆಲೆ ಕೊಟ್ಟು ತಂದ ಕಬ್ಬಿಣವನ್ನು ಕಣ್ಣಿಗೆ ಬೀಳದಂತೆ ಹೂತುಬಿಡುವುದೇಕೆ? ಹೀಗೆ ಹೂಳಬೇಕೆಂದು ಜನರಿಗೆ ತೋರಿಸಿಕೊಟ್ಟವರು ಯಾರು?

ಈ ಕಲೆಯನ್ನು ಲೋಕದಲ್ಲಿ ಹರಡಿದವರ ಸಾಲಿನಲ್ಲಿ ಮೊದಲಿಗನು ಎಂಜಿನಿಯರನಲ್ಲ, ವಿಜ್ಞಾನಿಯಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಬಾಲ್ಯದಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ತೋಟಗಾರ. ಆತನ ಹೆಸರು ಜೋಸೆಫ್ ಮೋನ್ಯೇ.

ಮೋನ್ಯೇಯು 1823ನೆಯ ಇಸವಿಯ ನವೆಂಬರ್ 8ರಂದು ದಕ್ಷಿಣ ಫ್ರಾನ್ಸಿನ ಸೇಂಟ್ ಕ್ವೆಂಟಿನ್ ಲಾ ಪೋತರಿ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅದು ಕುಂಬಾರರ ಹಳ್ಳಿ. ಊರಿನ ಹೆಸರಿನಲ್ಲಿಯೇ ಕುಂಬಾರಿಕೆಯ ಮಾತು ಸೇರಿಕೊಂಡಿದೆ. ಮಣ್ಣಿನ ಕುಂಡಕ್ಕೆ ಬದಲಾಗಿ ಬೇರೊಂದನ್ನು ಹುಡುಕಲು ಹೊರಟವನು ಕುಂಬಾರರ ನಡುವೆಯೇ ಬೆಳೆದದ್ದು ಒಂದು ವಿಶೇಷ. ಆತನ ಮನೆಯವರು ಊಜೆಸ್ ಪ್ರಾಂತದ ಡ್ಯೂಕನ ಎಸ್ಟೇಟಿನಲ್ಲಿ ದುಡಿಯುತ್ತಿದ್ದರು. ಬಡ ಸಂಸಾರ, ಮನೆಯಲ್ಲಿ ಎಷ್ಟು ಕೈಗಳಿದ್ದರೂ ಎಲ್ಲವೂ ಕೆಲಸಕ್ಕೆ ಬೇಕಾಗಿದ್ದವು. ಆದುದರಿಂದ ಬಾಲಕ ಜೋಸೆಫನನ್ನು ಶಾಲೆಗೆ ಕಳುಹಿಸಲಿಲ್ಲ. ಓರಗೆಯ ಹುಡುಗರು ಅಕ್ಷರ ತಿದ್ದುತ್ತಿದ್ದ ವಯಸ್ಸಿನಲ್ಲಿ ಆತನು ಸಸಿ ನೆಡುವುದನ್ನೂ ಗಿಡ ಸವರುವುದನ್ನೂ ಕಲಿತನು.

ಹದಿನೇಳನೆಯ ವಯಸ್ಸಿನ ಹೊತ್ತಿಗೆ ಆ ಕೈಗಳಲ್ಲಿ ಎಂಥ ಕೌಶಲ ಕೂಡಿಬಂದಿತ್ತೆಂದರೆ, ಅದನ್ನು ಗಮನಿಸಿದ ಡ್ಯೂಕನು ಪ್ಯಾರಿಸ್ ನಗರದ ತನ್ನ ಭವನದ ತೋಟದಲ್ಲಿ ಆತನಿಗೆ ಕೆಲಸ ಕೊಟ್ಟನು. ಹಳ್ಳಿಯ ತರುಣನು ರಾಜಧಾನಿಗೆ ಬಂದನು. ಹಗಲೆಲ್ಲ ತೋಟದಲ್ಲಿ ದುಡಿದು, ಸಂಜೆಯ ತರಗತಿಗಳಿಗೆ ಹೋಗಿ ಓದುಬರಹ ಕಲಿತನು. ಮುಂದೆ ತನ್ನ ಹೆಸರಿನಲ್ಲಿ ಪೇಟೆಂಟುಗಳ ಸಾಲನ್ನೇ ಬರೆಯಿಸಬೇಕಾಗಿದ್ದವನು, ದುಡಿಯುವ ಪ್ರಾಯಕ್ಕೆ ಬಂದ ಮೇಲೆ ಅಕ್ಷರಾಭ್ಯಾಸ ಮಾಡಿದವನೆಂಬುದನ್ನು ನಾವು ನೆನಪಿನಲ್ಲಿಡಬೇಕು. ಆತನ ಬಲವೂ ಕೊರತೆಯೂ ಎರಡೂ ಅಲ್ಲಿಂದಲೇ ಹೊರಟವು.

1846ರಲ್ಲಿ ಮೋನ್ಯೇಯು ಡ್ಯೂಕನ ಸೇವೆಯನ್ನು ಬಿಟ್ಟು, ಲೂವ್ರ್ ಅರಮನೆಯ ಪಕ್ಕದ ಟ್ಯೂಲರೀ ಉದ್ಯಾನದಲ್ಲಿ ಕೆಲಸಕ್ಕೆ ಸೇರಿದನು. ಕಿತ್ತಳೆ ಗಿಡಗಳ ಆರೈಕೆ ಆತನ ಪಾಲಿಗೆ ಬಂದಿತು. ನಮ್ಮ ಕೊಡಗಿನಲ್ಲಿ ಕಿತ್ತಳೆ ನೆಲದಲ್ಲಿಯೇ ಬೇರೂರಿ ಸೊಂಪಾಗಿ ಬೆಳೆಯುತ್ತದೆ. ಪ್ಯಾರಿಸಿನ ಚಳಿಗಾಲವೋ ಹಿಮ ಬೀಳುವ ಚಳಿಗಾಲ. ಬಯಲಿನಲ್ಲಿ ಬಿಟ್ಟರೆ ಗಿಡ ಉಳಿಯದು. ಆದುದರಿಂದ ಅಲ್ಲಿ ಕಿತ್ತಳೆಯನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಬೇಸಗೆಯಲ್ಲಿ ಹೊರಗಿಟ್ಟು, ಚಳಿ ಬರುವ ಮುನ್ನ ಗಾಜಿನ ಕಿಟಕಿಗಳ ಬೆಚ್ಚನೆಯ ಕಟ್ಟಡದೊಳಗೆ ಸಾಗಿಸುತ್ತಿದ್ದರು. ಹೀಗೆ ಪ್ರತಿವರ್ಷವೂ ಒಳಗೆ ಹೊರಗೆ ಎತ್ತಿಡುವ ತೊಟ್ಟಿಯು ಗಟ್ಟಿಯಾಗಿರಬೇಕು.

ಆದರೆ ಗಟ್ಟಿಯಾದ ತೊಟ್ಟಿ ಎಲ್ಲಿದೆ? ಮರದ ತೊಟ್ಟಿ ನೀರು ಕುಡಿದು ಕೊಳೆಯುತ್ತಿತ್ತು. ಸುಟ್ಟ ಮಣ್ಣಿನ ತೊಟ್ಟಿ ಎತ್ತಿಡುವಾಗ ಒಡೆಯುತ್ತಿತ್ತು. ಆಗ ಹೊಸದಾಗಿ ಬಳಕೆಗೆ ಬರುತ್ತಿದ್ದ ವಸ್ತು ಸಿಮೆಂಟು. ಮೋನ್ಯೇ ಹುಟ್ಟಿದ ಮರುವರ್ಷ, ಎಂದರೆ 1824ರಲ್ಲಿ, ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟು ಪಡೆದಿದ್ದನು. ಮೋನ್ಯೇಯು ಸಿಮೆಂಟಿನಿಂದ ತೊಟ್ಟಿಗಳನ್ನು ಎರಕ ಹೊಯ್ದು ನೋಡಿದನು. ಅವು ಕೊಳೆಯಲಿಲ್ಲ, ನಿಜ. ಆದರೆ ಬೇರುಗಳು ಬಲಿತು ಒಳಗಿನಿಂದ ನೂಕಿದಾಗ, ಒದ್ದೆಮಣ್ಣು ಹೆಪ್ಪುಗಟ್ಟಿ ಹಿಗ್ಗಿದಾಗ ಅವೂ ಸೀಳಿಬಿಟ್ಟವು.

ಇಲ್ಲಿ ನಾವು ಸ್ವಲ್ಪ ನಿಂತು, ವಸ್ತುಗಳ ಗುಣವನ್ನು ವಿಚಾರಿಸೋಣ. ಒಂದು ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಒತ್ತಿರಿ. ಅದು ಸುಲಭವಾಗಿ ಪುಡಿಯಾಗದು. ಅದೇ ಕಡ್ಡಿಯ ಎರಡು ತುದಿಗಳನ್ನು ಹಿಡಿದು ಬಾಗಿಸಿರಿ; ಕೂಡಲೇ ಮುರಿಯುತ್ತದೆ. ಬಾಗಿದಾಗ ಕಡ್ಡಿಯ ಒಂದು ಮಗ್ಗುಲು ಅದುಮಲ್ಪಡುತ್ತದೆ, ಎದುರು ಮಗ್ಗುಲು ಎಳೆಯಲ್ಪಡುತ್ತದೆ. ಅದುಮುವುದನ್ನು ತಾಳಬಲ್ಲ ಕಡ್ಡಿ ಎಳೆತವನ್ನು ತಾಳಲಾರದು. ಕಾಂಕ್ರೀಟಿನ ಸ್ವಭಾವವೂ ಇದೇ. ಅದು ಒತ್ತಡಕ್ಕೆ ಎಷ್ಟು ಗಟ್ಟಿಯೋ ಎಳೆತಕ್ಕೆ ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಗಟ್ಟಿ. ಕಬ್ಬಿಣದ ತಂತಿಯ ರೀತಿ ಬೇರೆ. ತೆಳುವಾದ ತಂತಿಯನ್ನು ತುದಿಯಿಂದ ಒತ್ತಿದರೆ ಡೊಂಕಾಗಿಬಿಡುತ್ತದೆ. ಎಳೆದರೆ ಮಾತ್ರ ಸುಲಭವಾಗಿ ತುಂಡಾಗದು.

ಈ ವಿವರಣೆಯನ್ನು ಮೋನ್ಯೇ ಬಲ್ಲನೋ ಇಲ್ಲವೋ, ಆತನ ಕೈಗಳು ಮಾತ್ರ ಅದರ ಸಾರವನ್ನು ಕಂಡುಕೊಂಡವು. ಆತನು ಕಬ್ಬಿಣದ ತಂತಿ ಸರಳುಗಳನ್ನು ಬುಟ್ಟಿಯಂತೆ ಹೆಣೆದು, ಅದರ ಸುತ್ತ ಸಿಮೆಂಟಿನ ಗಾರೆಯನ್ನು ತುಂಬಿದನು. ಬೇರು ಒಳಗಿನಿಂದ ನೂಕಿತು. ತಂತಿಯ ಬುಟ್ಟಿ ತಡೆದು ಹಿಡಿಯಿತು. ಗಾರೆಯ ಗೋಡೆ ತೆಳುವಾದರೂ ಸೀಳಲಿಲ್ಲ. ಮರದ ಹಗುರವೂ ಕಲ್ಲಿನ ಬಾಳಿಕೆಯೂ ಒಂದೇ ತೊಟ್ಟಿಯಲ್ಲಿ ಕೂಡಿಬಂದವು.

ಹೀಗೆ ಭಿನ್ನ ಗುಣಗಳ ಎರಡು ಅಥವಾ ಹೆಚ್ಚು ವಸ್ತುಗಳನ್ನು, ಅವು ಒಂದರಲ್ಲೊಂದು ಕರಗಿಹೋಗದಂತೆ, ಜೊತೆಗೂಡಿಸಿ ಮಾಡಿದ ವಸ್ತುವಿಗೆ ಸಂಯೋಜಿತ ವಸ್ತುವೆಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಹಿಡಿದಿಡುವ ದ್ರವ್ಯ ಒಂದು, ಬಲ ಕೊಡುವ ದ್ರವ್ಯ ಇನ್ನೊಂದು. ಮೋನ್ಯೇಯ ತೊಟ್ಟಿಯಲ್ಲಿ ಸಿಮೆಂಟು ಹಿಡಿದಿಟ್ಟಿತು, ತಂತಿ ಬಲ ಕೊಟ್ಟಿತು. ಒಂದೊಂದೂ ತನ್ನ ಗುಣವನ್ನು ಉಳಿಸಿಕೊಂಡಿತು. ಒಂದರ ಕೊರತೆಯನ್ನು ಮತ್ತೊಂದು ತುಂಬಿತು.

ಈ ತತ್ತ್ವವು ಮೋನ್ಯೇಗಿಂತ ಬಹಳ ಹಳೆಯದು. ಪ್ರಕೃತಿಯೇ ಇದನ್ನು ಬಳಸಿದೆ. ಮರದಲ್ಲಿ ನಾರಿನ ಎಳೆಗಳನ್ನು ಲಿಗ್ನಿನ್ ಎಂಬ ದ್ರವ್ಯ ಅಂಟಿಸಿ ಹಿಡಿದಿದೆ. ನಮ್ಮ ಎಲುಬಿನಲ್ಲಿ ಬಾಗುವ ನಾರೂ ಗಡಸಾದ ಖನಿಜವೂ ಕೂಡಿವೆ. ಹಳ್ಳಿಯಲ್ಲಿ ಗೋಡೆಗೆ ಕೆಸರು ಕಲಸುವಾಗ ಹುಲ್ಲನ್ನು ತುಳಿದು ಸೇರಿಸುವುದೂ, ಬಿದಿರಿನ ಕಣಜವನ್ನು ಹೆಣೆದು ಸಗಣಿ ಮಣ್ಣುಗಳಿಂದ ಮೆತ್ತುವುದೂ ಇದೇ ಜಾಣತನ. ಸಿಮೆಂಟಿನಲ್ಲಿ ಕಬ್ಬಿಣ ಹುದುಗಿಸಿದವರೂ ಮೋನ್ಯೇಗೆ ಮೊದಲೇ ಇದ್ದರು. ಫ್ರಾನ್ಸಿನವನೇ ಆದ ಲಾಂಬೋ ಎಂಬವನು ತಂತಿ ಮತ್ತು ಸಿಮೆಂಟಿನಿಂದ ದೋಣಿಯನ್ನು ಮಾಡಿ, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಇರಿಸಿದ್ದನು. ಆದುದರಿಂದ ಮೋನ್ಯೇಯೊಬ್ಬನೇ ಇದರ ಜನಕನೆಂದು ಹೇಳುವುದು ಸರಿಯಾಗಲಾರದು. ಇತರರು ಒಂದೆರಡು ವಸ್ತುಗಳಿಗೆ ನಿಲ್ಲಿಸಿದ ಕೆಲಸವನ್ನು ಆತನು ಬಿಡದೆ ಮುಂದುವರಿಸಿದನು. ಅದು ಆತನ ಹಿರಿಮೆ.

1867ರ ಜುಲೈ 16ರಂದು ತೋಟಗಾರಿಕೆಯ ತೊಟ್ಟಿಗಳಿಗಾಗಿ ಮೋನ್ಯೇಗೆ ಮೊದಲ ಪೇಟೆಂಟು ದೊರೆಯಿತು. ಆ ವರ್ಷವೇ ಪ್ಯಾರಿಸಿನಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ ತನ್ನ ತೊಟ್ಟಿಗಳನ್ನು ಜನರ ಮುಂದಿಟ್ಟನು. ಆಗ ಆತನಿಗೆ ನಲವತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು. ತೊಟ್ಟಿ ನೀರನ್ನು ಹಿಡಿದರೆ ಕೊಳವೆಯೂ ಹಿಡಿಯಬೇಕಲ್ಲವೆ? 1868ರಲ್ಲಿ ಕೊಳವೆಗಳಿಗೆ, 1869ರಲ್ಲಿ ಕಟ್ಟಡದ ಹಲಗೆಗಳಿಗೆ, 1873ರಲ್ಲಿ ಸೇತುವೆಗಳಿಗೆ, 1878ರಲ್ಲಿ ತೊಲೆಗಳಿಗೆ ಪೇಟೆಂಟುಗಳು ಬಂದವು. ಗಿಡದ ತೊಟ್ಟಿ ಬೆಳೆದು ನೀರಿನ ದೊಡ್ಡ ತೊಟ್ಟಿಯಾಯಿತು. ತೊಟ್ಟಿಯ ಗೋಡೆ ಮಲಗಿ ಮಾಳಿಗೆಯಾಯಿತು.

1875ರಲ್ಲಿ ಫ್ರಾನ್ಸಿನ ಶಾಜೆಲೆ ಎಂಬಲ್ಲಿಯ ಕೋಟೆಮನೆಯ ಕಂದಕದ ಮೇಲೆ ಮೋನ್ಯೇಯು ಒಂದು ಸೇತುವೆಯನ್ನು ಕಟ್ಟಿಸಿದನು. ಸುಮಾರು 14 ಮೀಟರ್ ಅಂತರವನ್ನು ದಾಟುವ, 4 ಮೀಟರಿಗಿಂತ ತುಸು ಅಗಲವಾದ ಚಿಕ್ಕ ಸೇತುವೆ ಅದು. ಕಬ್ಬಿಣ ಹುದುಗಿದ ಸಿಮೆಂಟಿನಿಂದ ಕಟ್ಟಿದ ಮೊದಲ ಸೇತುವೆಯೆಂದು ಅದಕ್ಕೆ ಪ್ರಸಿದ್ಧಿ. ಅದರ ಕೈಪಿಡಿಯ ಕಂಬಿಗಳು ಮರದ ಕೊಂಬೆಗಳಂತೆ ಕಾಣುತ್ತವೆ. ಕಟ್ಟಿಸಿದವನು ತೋಟಗಾರನೆಂಬುದನ್ನು ಸೇತುವೆಯೇ ಸಾರುವಂತಿದೆ.

ಮೋನ್ಯೇಯ ಬಾಳಿನಲ್ಲಿ ಇದು ಏರಿಕೆಯ ಕಾಲ. ಆದರೆ ಆತನ ವಿದ್ಯೆಯಲ್ಲಿ ಒಂದು ದೊಡ್ಡ ತೆರಪು ಉಳಿದಿತ್ತು. ಎಷ್ಟು ದಪ್ಪದ ಹಲಗೆಗೆ ಎಷ್ಟು ಕಬ್ಬಿಣ ಬೇಕು? ಅದು ಎಷ್ಟು ಭಾರ ಹೊರಬಲ್ಲದು? ಇವನ್ನು ಆತನು ಲೆಕ್ಕ ಹಾಕಿ ಹೇಳಲಾರನಾಗಿದ್ದನು. ಮಾಡಿ ನೋಡಿ ತಿಳಿಯುವುದು ಆತನ ಮಾರ್ಗ. ಕುಂಡ ಒಡೆದರೆ ಮತ್ತೊಂದು ಕುಂಡ ಮಾಡಬಹುದು. ಜನರು ಓಡಾಡುವ ಮಾಳಿಗೆಯನ್ನು ಹಾಗೆ ಒಡೆದು ನೋಡಲಾದೀತೆ?

1884ರ ಸುಮಾರಿಗೆ ಜರ್ಮನಿಯ ಉದ್ಯಮಿಗಳು ಮೋನ್ಯೇಯಿಂದ ಪೇಟೆಂಟಿನ ಹಕ್ಕುಗಳನ್ನು ಕೊಂಡರು. ಅವು ಮುಂದೆ ವೈಸ್ ಎಂಬ ಎಂಜಿನಿಯರನ ಕೈಸೇರಿದವು. ಬರ್ಲಿನ್ ನಗರದ ಸರ್ಕಾರಿ ಎಂಜಿನಿಯರ್ ಮಥಿಯಾಸ್ ಕೋನೆನ್ ಎಂಬವನಿಗೆ ಈ ಹೊಸ ಪದ್ಧತಿಯ ಬಗ್ಗೆ ಬಲವಾದ ಸಂಶಯಗಳಿದ್ದವು. ಸಿಮೆಂಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯದೆ? ಭಾರ ಬಿದ್ದಾಗ ಸರಳು ಜಾರಿಬಿಡದೆ? ಬಿಸಿಲಿಗೆ ಕಬ್ಬಿಣ ಹೆಚ್ಚು ಹಿಗ್ಗಿ, ಸಿಮೆಂಟು ಕಡಮೆ ಹಿಗ್ಗಿ, ಎರಡೂ ಬೇರ್ಪಡುವುದಿಲ್ಲವೆ? ಇವು ಹುರುಳಿಲ್ಲದ ಸಂಶಯಗಳಲ್ಲ.

ವೈಸನು ಬರ್ಲಿನ್ನಿನಲ್ಲಿ ಪ್ರಯೋಗಗಳನ್ನು ನಡೆಸಿದನು. ಸಂಶಯಗಳು ಒಂದೊಂದಾಗಿ ಪರಿಹಾರವಾದವು. ಸಿಮೆಂಟು ಕ್ಷಾರಗುಣದ್ದಾದುದರಿಂದ, ನೀರು ಗಾಳಿಗಳು ಒಳಹೋಗದಂತೆ ಗಟ್ಟಿಯಾಗಿ ಹೊದಿಸಿದರೆ, ಕಬ್ಬಿಣ ತುಕ್ಕು ಹಿಡಿಯದೆ ಉಳಿಯುತ್ತದೆ. ಒಣಗಿದ ಕಾಂಕ್ರೀಟು ಸರಳನ್ನು ಜಾರಗೊಡದೆ ಹಿಡಿಯುತ್ತದೆ. ಇನ್ನು ಬಿಸಿಯ ಮಾತು. ಕಬ್ಬಿಣವೂ ಕಾಂಕ್ರೀಟೂ ಬಿಸಿಗೆ ಹಿಗ್ಗುವ ಪ್ರಮಾಣ ಹೆಚ್ಚುಕಡಮೆ ಒಂದೇ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎರಡೂ ತಮ್ಮ ಉದ್ದದ ಹತ್ತು ಲಕ್ಷದಲ್ಲಿ ಹತ್ತು ಹನ್ನೆರಡು ಪಾಲಿನಷ್ಟು ಹಿಗ್ಗುತ್ತವೆ. ಇದೇ ಸಂಗತಿಯನ್ನು ಅಮೆರಿಕದ ಥ್ಯಾಡಿಯಸ್ ಹಯಾಟ್ ಎಂಬವನು 1877ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಲ್ಲಿ ತೋರಿಸಿದ್ದನು. ಈ ಹೊಂದಿಕೆ ಇಲ್ಲದಿದ್ದರೆ ನಮ್ಮ ತಾರಸಿಗಳು ಬಿಸಿಲು ಚಳಿಗಳ ಹೊಡೆತಕ್ಕೆ ಒಡೆದು ಹೋಗುತ್ತಿದ್ದವು.

ಕೋನೆನ್ ಮತ್ತೊಂದು ಮುಖ್ಯ ಸಂಗತಿಯನ್ನು ಲೆಕ್ಕದಿಂದ ಸ್ಥಾಪಿಸಿದನು. ಎರಡು ಗೋಡೆಗಳ ಮೇಲೆ ಹಾಸಿದ ಹಲಗೆಯ ಮೇಲೆ ಭಾರ ಬಿದ್ದಾಗ, ಅದರ ಮೇಲ್ಭಾಗ ಅದುಮಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಆದುದರಿಂದ ಕಬ್ಬಿಣವು ಕೆಳಭಾಗದಲ್ಲಿರಬೇಕು. ಮೋನ್ಯೇಯ ರೂಢಿಯಲ್ಲಾದರೋ ಕಬ್ಬಿಣದ ಜಾಲರಿಯು ಹಲಗೆಯ ನಟ್ಟನಡುವೆ ಇರುತ್ತಿತ್ತು. ಅಲ್ಲಿ ಎಳೆತವೂ ಇಲ್ಲ, ಅದುಮುವಿಕೆಯೂ ಇಲ್ಲ. ಕಬ್ಬಿಣಕ್ಕೆ ಕೆಲಸವೇ ಕಡಮೆ. ಆತನು ಈ ತಪ್ಪನ್ನು ಏಕೆ ಮಾಡಿದನು? ಆತನ ವಿದ್ಯೆಗೆ ಗುರುವಾದದ್ದು ಗಿಡದ ತೊಟ್ಟಿ. ದುಂಡನೆಯ ತೊಟ್ಟಿಯನ್ನು ಬೇರುಗಳು ಒಳಗಿನಿಂದ ನೂಕಿದಾಗ ಇಡೀ ಗೋಡೆಯೇ ಸುತ್ತಲೂ ಎಳೆಯಲ್ಪಡುತ್ತದೆ. ಅಲ್ಲಿ ಜಾಲರಿ ನಡುವೆ ಇದ್ದರೆ ಬಾಧಕವಿಲ್ಲ. ತೊಟ್ಟಿಯಲ್ಲಿ ಕಲಿತ ಪಾಠವನ್ನು ಆತನು ಮಾಳಿಗೆಗೆ ಹಾಗೆಯೇ ಅನ್ವಯಿಸಿದನು.

ಈ ಕುರಿತು ಒಂದು ಪ್ರಸಂಗವನ್ನು ಹೇಳುವುದುಂಟು. ಜರ್ಮನಿಗೆ ಬಂದಿದ್ದ ಮೋನ್ಯೇಯು, ಅಲ್ಲಿಯವರು ಸರಳುಗಳನ್ನು ಹಲಗೆಯ ತಳದಲ್ಲಿ ಇರಿಸುತ್ತಿದ್ದುದನ್ನು ಕಂಡು ಸಿಟ್ಟಾಗಿ, ಇದನ್ನು ಕಂಡುಹಿಡಿದವನು ತಾನೋ ಅವರೋ ಎಂದು ಕೇಳಿದನಂತೆ. ಪ್ರಸಂಗ ನಡೆದದ್ದೋ ಕಟ್ಟಿದ್ದೋ, ಅದರಲ್ಲಿ ಆ ಮುದುಕನ ಅಭಿಮಾನವೂ ನೋವೂ ಕಾಣುತ್ತವೆ. ತಾನು ಹೆತ್ತ ಕೂಸನ್ನು ಪರರು ತನಗಿಂತ ಚೆನ್ನಾಗಿ ಅರಿತರೆಂಬುದನ್ನು ಒಪ್ಪುವುದು ಯಾರಿಗೂ ಸುಲಭವಲ್ಲ.

1887ರಲ್ಲಿ ವೈಸನು ಪ್ರಯೋಗಗಳ ಫಲಗಳನ್ನೂ ಕೋನೆನ್ನನ ಲೆಕ್ಕಗಳನ್ನೂ ಸೇರಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರ ಹೆಸರು ಮೋನ್ಯೇ ಪದ್ಧತಿ ಎಂದೇ ಇತ್ತು. ಆ ಬಳಿಕ ಈ ಪದ್ಧತಿಯ ಸೇತುವೆಗಳು, ಮಾಳಿಗೆಗಳು ಯೂರೋಪಿನ ದೇಶದೇಶಗಳಲ್ಲಿ ಎದ್ದವು. ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಜಾನ್ ಮೊನಾಷ್ ಎಂಬ ಎಂಜಿನಿಯರನು ಭಾಗಿಯಾಗಿ 1899ರಲ್ಲಿ ಯಾರಾ ನದಿಗೆ ಕಟ್ಟಿದ ಸೇತುವೆಯೂ ಮೋನ್ಯೇ ಪದ್ಧತಿಯದೇ. ಜರ್ಮನರು ಕಾಂಕ್ರೀಟಿನ ಸರಳಿಗೆ ಮೋನ್ಯೇ ಕಬ್ಬಿಣವೆಂದೇ ಹೆಸರಿಟ್ಟರು.

ಹೆಸರು ಹೀಗೆ ದೇಶದೇಶ ಸುತ್ತುತ್ತಿದ್ದಾಗ, ಹೆಸರಿನ ಒಡೆಯನ ಮನೆಯಲ್ಲಿ ಕತ್ತಲು ಕವಿಯುತ್ತಿತ್ತು. ಪುಸ್ತಕ ಹೊರಬಂದ 1887ರಲ್ಲಿಯೇ ಆತನ ಮಗನೊಬ್ಬನು ಕಟ್ಟಡದ ಕೆಲಸದಲ್ಲಿದ್ದಾಗ ಮೇಲಿನಿಂದ ಬಿದ್ದು ಸತ್ತನು. ಮರುವರ್ಷ ಮೋನ್ಯೇಯ ವ್ಯಾಪಾರ ದಿವಾಳಿಯಾಯಿತು. ಪರದೇಶಗಳ ಹಕ್ಕನ್ನು ಮಾರಿಬಿಟ್ಟಿದ್ದುದರಿಂದ ಅಲ್ಲಿ ಬೆಳೆದ ಉದ್ಯಮದ ಲಾಭ ಹಕ್ಕು ಕೊಂಡವರದಾಯಿತು. ಸ್ವದೇಶದಲ್ಲಿಯೂ ಹೊಸಬರು ಮುಂದೆ ಬಂದರು. ಅವರಲ್ಲಿ ಪ್ರಮುಖನಾದ ಫ್ರಾಂಸ್ವಾ ಎನ್‌ಬೀಕ್ ಎಂಬವನು 1892ರಲ್ಲಿ ಕಂಬ, ತೊಲೆ, ಮಾಳಿಗೆಗಳನ್ನು ಒಂದೇ ಅಖಂಡ ಕಟ್ಟಾಗಿ ಬೆಸೆಯುವ ಕ್ರಮವನ್ನು ಪೇಟೆಂಟು ಮಾಡಿಸಿ ದೊಡ್ಡ ಉದ್ಯಮವನ್ನು ಬೆಳೆಸಿದನು. ಮೋನ್ಯೇ ಎದೆಗುಂದಲಿಲ್ಲ, ಅರುವತ್ತೇಳರ ಹತ್ತಿರದಲ್ಲಿ, 1890ರಲ್ಲಿ, ಮತ್ತೆ ಸಂಸ್ಥೆಯೊಂದನ್ನು ತೆರೆದನು. ಆದರೆ ಹಳೆಯ ದಿನಗಳು ಮರಳಲಿಲ್ಲ.

ಇಪ್ಪತ್ತನೆಯ ಶತಮಾನ ಕಾಲಿಟ್ಟಾಗ ಆತನು ಮುಪ್ಪಿನಲ್ಲಿ ಬಡತನವನ್ನು ಅನುಭವಿಸುತ್ತಿದ್ದನು. ಕಾಂಕ್ರೀಟಿನ ಉದ್ಯಮದಿಂದ ಏಳಿಗೆ ಹೊಂದಿದ್ದ ಕೆಲವರು ಆತನಿಗಾಗಿ ಸಹಾಯಧನ ಕೂಡಿಸಲು ಮನವಿ ಮಾಡಿದರು. ಅವರಲ್ಲಿ ಜರ್ಮನರೂ ಇದ್ದರೆಂಬುದು ಗಮನಾರ್ಹ. 1870ರಲ್ಲಿ ಎರಡು ದೇಶಗಳ ನಡುವೆ ಘೋರ ಯುದ್ಧ ನಡೆದಿತ್ತು. 1906ರ ಮಾರ್ಚ್ 13ರಂದು ಜೋಸೆಫ್ ಮೋನ್ಯೇ ಪ್ಯಾರಿಸಿನಲ್ಲಿ ತೀರಿಕೊಂಡನು. ಆತನಿಗೆ ಎಂಬತ್ತೆರಡು ವರ್ಷ ವಯಸ್ಸಾಗಿತ್ತು.

ಮೋನ್ಯೇಯ ಬಳಿಕ ಸಂಯೋಜಿತ ವಸ್ತುಗಳ ಬಳಗ ಬಹುವಾಗಿ ಬೆಳೆದಿದೆ. ಕಾಂಕ್ರೀಟಿನಲ್ಲಿ ಜಲ್ಲಿ ಮರಳುಗಳ ಕಣಗಳನ್ನು ಸಿಮೆಂಟು ಹಿಡಿದಿಟ್ಟಿರುವುದರಿಂದ ಅದು ಕಣಗಳ ಬಗೆ. ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಎಳೆ ಅಡ್ಡಬರುವಂತೆ ಅಂಟಿಸಿದ ಪ್ಲೈವುಡ್ ಪದರಗಳ ಬಗೆ. ಗಾಜಿನ ಇಲ್ಲವೆ ಇಂಗಾಲದ ಎಳೆಗಳನ್ನು ರಾಳದಲ್ಲಿ ಹುದುಗಿಸಿದ್ದು ಎಳೆಗಳ ಬಗೆ. ಎಳೆಗಳ ಸಂಯೋಜಿತ ವಸ್ತುಗಳು ಹಗುರ, ಗಟ್ಟಿ. ಕಬ್ಬಿಣದಂತೆ ತುಕ್ಕು ಹಿಡಿಯವು. ದೋಣಿಗಳಿಗೂ ಕ್ರೀಡಾಸಾಮಗ್ರಿಗಳಿಗೂ ವಿಮಾನಗಳಿಗೂ ಅವು ಬೇಕು. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ನೀಳವಾದ ರೆಕ್ಕೆಗಳು ಈ ಬಗೆಯವು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, ಮುಂದೆ ತೇಜಸ್ ಎಂದು ಹೆಸರು ಪಡೆದ ವಿಮಾನದ ಮೈಯಲ್ಲಿಯೂ ಇಂಗಾಲದ ಎಳೆಗಳಿವೆ.

ಆದರೆ ಯಾವ ವಸ್ತುವೂ ದೋಷರಹಿತವಲ್ಲ. ಕಾಂಕ್ರೀಟಿಗೆ ನೀರನ್ನು ಹೆಚ್ಚಾಗಿ ಸುರಿದರೆ, ಸರಳಿನ ಮೇಲಣ ಹೊದಿಕೆಯನ್ನು ತೆಳುವಾಗಿ ಬಿಟ್ಟರೆ, ತೇವವು ಒಳನುಗ್ಗಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಡಲ ತೀರದ ಕಟ್ಟಡಗಳಲ್ಲಿ ಇದನ್ನು ಕಾಣಬಹುದು. ಹಿಂದೆ ಗಿಡದ ಬೇರು ಮಾಡಿದ ಕೆಲಸವನ್ನು ಇಲ್ಲಿ ತುಕ್ಕು ಮಾಡುತ್ತದೆ. ರಕ್ಷಿಸಲೆಂದು ಇಟ್ಟ ಕಬ್ಬಿಣವೇ, ಅಜಾಗರೂಕತೆಯಿಂದ, ಶತ್ರುವಾಗುತ್ತದೆ.

ವಿದ್ಯಾರ್ಥಿಗಳೆ, ಮೋನ್ಯೇಯ ಕೈಗಳಿಗೆ ತಿಳಿದದ್ದು ಕೋನೆನ್ನನ ಲೆಕ್ಕಕ್ಕೆ ಮೊದಲು ತಿಳಿದಿರಲಿಲ್ಲ. ಲೆಕ್ಕಕ್ಕೆ ತಿಳಿದದ್ದು ಕೈಗಳಿಗೆ ತಿಳಿಯಲಿಲ್ಲ. ತೋಟಗಾರನು ಬುಟ್ಟಿ ಹೆಣೆಯದಿದ್ದರೆ ಗಣಿತಜ್ಞನಿಗೆ ಲೆಕ್ಕ ಹಾಕಲು ಏನೂ ಇರುತ್ತಿರಲಿಲ್ಲ; ಗಣಿತಜ್ಞನು ಲೆಕ್ಕ ಹಾಕದಿದ್ದರೆ ನಾವು ಮಾಳಿಗೆಯ ಕೆಳಗೆ ನಿಶ್ಚಿಂತೆಯಿಂದ ಮಲಗುವಂತಿರಲಿಲ್ಲ. ಇನ್ನೊಮ್ಮೆ ತಾರಸಿ ಹಾಕುವುದನ್ನು ಕಂಡಾಗ, ಸರಳುಗಳು ಹಲಗೆಗೆ ಎಷ್ಟು ಹತ್ತಿರದಲ್ಲಿವೆಯೆಂದು ಬಗ್ಗಿ ನೋಡಿರಿ. ಆ ಸ್ಥಾನವನ್ನು ಗೊತ್ತುಮಾಡಿದವನು ಕೋನೆನ್. ಸರಳುಗಳು ಅಲ್ಲಿಗೆ ಬರುವಂತೆ ಮಾಡಿದವನು, ಒಂದು ಕಿತ್ತಳೆ ಗಿಡದ ತೊಟ್ಟಿ ಒಡೆಯಬಾರದೆಂದು ಹಂಬಲಿಸಿದ ತೋಟಗಾರ.

ಅಭ್ಯಾಸ

1. ಕಿತ್ತಳೆ ಗಿಡಗಳನ್ನು ಪ್ಯಾರಿಸಿನಲ್ಲಿ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದುದೇಕೆ?
2. ಕಾಂಕ್ರೀಟಿನ ಮತ್ತು ಕಬ್ಬಿಣದ ಗುಣಗಳು ಒಂದಕ್ಕೊಂದು ಹೇಗೆ ಪೂರಕವಾಗಿವೆ?
3. ಕೋನೆನ್ನನ ಮೂರು ಸಂಶಯಗಳಾವುವು? ಅವು ಹೇಗೆ ಪರಿಹಾರವಾದವು?
4. ಮೋನ್ಯೇಯು ಜಾಲರಿಯನ್ನು ಹಲಗೆಯ ನಡುವೆ ಇರಿಸುತ್ತಿದ್ದುದಕ್ಕೆ ಕಾರಣವೇನಿರಬಹುದು?
5. ನಿಮ್ಮ ಮನೆಯಲ್ಲಿಯೂ ಊರಿನಲ್ಲಿಯೂ ಕಾಣುವ ಐದು ಸಂಯೋಜಿತ ವಸ್ತುಗಳನ್ನು ಹೆಸರಿಸಿ, ಅವುಗಳಲ್ಲಿ ಹಿಡಿದಿಡುವ ದ್ರವ್ಯ ಯಾವುದು, ಬಲ ಕೊಡುವ ದ್ರವ್ಯ ಯಾವುದು ಎಂಬುದನ್ನು ಬರೆಯಿರಿ.